ನಗಿಸುವವನಿಗೆ ಕೊಟ್ಟ ಪಾರ್ಟು

ಪ್ರಾಂಪ್ಟರನಿಗೆ ಮೊದಲು ಬೇಕಾದದ್ದು ಕಣ್ಣು, ಆಮೇಲೆ ಗಂಟಲು, ಮೂರನೆಯದು ನಿಂತು ನಿಂತು ಸೋಲದ ಕಾಲು. ನನಗೆ ಮೊದಲು ಕೈಕೊಟ್ಟದ್ದು ಕಣ್ಣು. ಸೈಡ್‌ವಿಂಗಿನ ಮರೆಯಲ್ಲಿ, ಸಣ್ಣ ಬಲ್ಬಿನ ಬೆಳಕಿನಲ್ಲಿ ಹದಿನೆಂಟು ವರ್ಷ ಕೈಬರಹದ ಪುಸ್ತಕ ಓದಿ ನಟರಿಗೆ ಮರೆತ ಮಾತು ಎತ್ತಿಕೊಟ್ಟದ್ದರ ಫಲ ಅದು. ಕನ್ನಡಕ ಎರಡು ಸಲ ಬದಲಿಸಿದೆ. ಆದರೂ ಅಕ್ಷರಗಳು ಬೆಲ್ಲಕ್ಕೆ ಹೊರಟ ಇರುವೆಗಳ ಹಾಗೆ ಸಾಲುಬಿಟ್ಟು ನಡೆಯತೊಡಗಿದವು. ಐವತ್ತೆರಡನೆಯ ವಯಸ್ಸಿಗೆ ಪುಸ್ತಕವನ್ನು ಇನ್ನೊಬ್ಬರ ಕೈಗೆ ಕೊಟ್ಟು ಕದ್ರಿಯ ಮನೆಗೆ ಬಂದು ಕುಳಿತೆ.

ಹೊಸದಾಗಿ ನಾಟಕಕ್ಕೆ ಸೇರಿದವರು ಕೆಲವರು ಈಗಲೂ ಸಂಜೆ ಹೊತ್ತು ಬರುತ್ತಾರೆ. ಆಗ ಹೇಗಿತ್ತು, ಈಗ ಹೇಗೆ ಮಾಡಬೇಕು ಎಂದು ಕೇಳುತ್ತಾರೆ. ಬಾಯಲ್ಲಿ ಹೇಳಿದ್ದು ಅವರು ಗುಡ್ಡ ಇಳಿಯುವುದರೊಳಗೆ ಮರೆತುಹೋಗುತ್ತದೆ. ಹಾಗಾಗಿ ಬರೆದಿಡುತ್ತಿದ್ದೇನೆ. ನನ್ನ ದಿನಚರಿಗಳು ಒಂದು ಟ್ರಂಕಿನ ತುಂಬ ಉಂಟು. ಅದರಲ್ಲಿ ಘನವಾದದ್ದು ಏನೂ ಇಲ್ಲ. ತಾಲೀಮಿಗೆ ಯಾರು ತಡವಾಗಿ ಬಂದರು, ಯಾವ ಅಂಕದಲ್ಲಿ ಯಾರಿಗೆ ಯಾವ ಮಾತು ಕೈಬಿಟ್ಟಿತು, ಗೋಳಿಬಜೆ ತಿಂದ ಎಣ್ಣೆಕೈಯಲ್ಲಿ ಮಹಾರಾಜನ ವಿಗ್ ಮುಟ್ಟಿದವರು ಯಾರು, ಇಂಥದ್ದೇ. ಆದರೆ ಒಂದು ಮಂಡಳಿ ನಡೆಯುವುದು ಇಂಥದ್ದರ ಮೇಲೆಯೇ.

ನಮ್ಮದು ಮಂಗಳೂರಿನಲ್ಲೇ ನೆಲೆನಿಂತ ಮಂಡಳಿ. ಬಂದರಿನ ಕಡೆಯ ಒಂದು ಹಂಚಿನ ಹಾಲಿನಲ್ಲಿ ಶನಿವಾರ, ಆದಿತ್ಯವಾರ ಸಂಜೆ ಆಟ. ಮಳೆಗಾಲದಲ್ಲಿ ಆಟ ಇಲ್ಲ. ಹಂಚಿನ ಮೇಲೆ ಮಳೆ ಬಿದ್ದರೆ ಪಕ್ಕದವನ ಮಾತೇ ಕೇಳುತ್ತಿರಲಿಲ್ಲ, ಮತ್ತೆ ನಾಟಕ ಎಲ್ಲಿಂದ? ಆ ನಾಲ್ಕು ತಿಂಗಳು ಹೊಸ ನಾಟಕದ ತಾಲೀಮು. ಮಂಡಳಿಯ ಯಜಮಾನರು ವೆಂಕಟರಾಯರು. ನಾವೆಲ್ಲ ಅವರನ್ನು ಧನಿಗಳು ಎಂದೇ ಕರೆಯುತ್ತಿದ್ದೆವು.

ನನ್ನ ಕೆಲಸ ಪುಸ್ತಕ ಹಿಡಿಯುವುದು ಮಾತ್ರ ಆಗಿರಲಿಲ್ಲ. ಪಾತ್ರಗಳ ನಕಲು ತೆಗೆಯುವುದೂ ನನ್ನದೇ. ಇಡೀ ನಾಟಕವನ್ನು ಎಲ್ಲರಿಗೂ ಬರೆದು ಕೊಡುವವರು ಯಾರು? ಒಬ್ಬೊಬ್ಬನಿಗೆ ಅವನವನ ಮಾತು ಮಾತ್ರ, ಅದರ ಮೊದಲು ಎದುರಿನವನ ಮಾತಿನ ಕೊನೆಯ ಮೂರು ಶಬ್ದ. ಆ ಮೂರು ಶಬ್ದ ಕಿವಿಗೆ ಬಿದ್ದರೆ ಬಾಯಿ ತೆರೆಯಬೇಕು, ಅಷ್ಟೇ ಲೆಕ್ಕ. ಇದರಿಂದ ಆಗುತ್ತಿದ್ದ ತಮಾಷೆಗಳು ಒಂದೆರಡಲ್ಲ. ಒಬ್ಬ ನಟನಿಗೆ ತಾನು ಮೊದಲ ಅಂಕದಲ್ಲಿ ಅಪ್ಪಿಕೊಳ್ಳುವ ಗೆಳೆಯನೇ ತನ್ನ ಮನೆಗೆ ಬೆಂಕಿಯಿಟ್ಟವನು ಎಂದು ಗೊತ್ತಾದದ್ದು ಮೂರನೆಯ ಪ್ರಯೋಗದ ದಿನ, ಅದೂ ಚಹಾ ಕುಡಿಯಲು ಹೋಗದೆ ವಿಂಗಿನಲ್ಲಿ ನಿಂತು ನೋಡಿದ್ದರಿಂದ. ಮೊದಲೇ ಹೇಳಿದ್ದರೆ ಅಷ್ಟು ಗಟ್ಟಿಯಾಗಿ ಅಪ್ಪಿಕೊಳ್ಳುತ್ತಿರಲಿಲ್ಲ ಎಂದು ನನ್ನ ಮೇಲೆ ಸಿಟ್ಟಾದ.

ಪಾತ್ರಕ್ಕೆ ಜನ ಆರಿಸುವ ಕ್ರಮವೂ ಹಾಗೆಯೇ ಸರಳ. ಧನಿಗಳು ಹಾಲಿನ ಕೊನೆಯ ಬೆಂಚಿನಲ್ಲಿ ಕುಳಿತು ಕಣ್ಣು ಮುಚ್ಚುವರು. ರಂಗದಲ್ಲಿ ನಿಂತವನು ಒಂದು ಮಾತು ಹೇಳಬೇಕು. ಅದು ಅವರಿಗೆ ಸ್ಪಷ್ಟ ಕೇಳಿದರೆ ಪಾರ್ಟು ಅವನಿಗೆ, ಇಲ್ಲದಿದ್ದರೆ ಅವನು ಸೈನಿಕ. ನಮ್ಮ ಮಂಡಳಿಯಲ್ಲಿ ಸಣ್ಣ ಸ್ವರದ ಸೈನಿಕರು ತುಂಬ ಇದ್ದರು.

ಆಮೇಲೆ ಮೈಕು ಬಂತು. ರಂಗದ ನೆತ್ತಿಯ ಮೇಲೆ ಸೋರೆಕಾಯಿಯ ಹಾಗೆ ಎರಡು ತೂಗುಬಿಟ್ಟರು. ಒಂದು ಸರಿಯಾಗಿ ನನ್ನ ವಿಂಗಿನ ಹತ್ತಿರ. ಮೊದಲ ದಿನ ನಾನು ಯಾವಾಗಿನ ಹಾಗೆ ಪುಸ್ತಕ ನೋಡಿ ಮಾತು ಎತ್ತಿಕೊಟ್ಟೆ. ಮೈಕು ಅದನ್ನು ಹಿಡಿದು ಇಡೀ ಹಾಲಿಗೆ ಹಂಚಿತು. ರಾಜ ಹೇಳುವ ಮೊದಲೇ ಆಜ್ಞೆ ಮೇಲಿನಿಂದ ಕೇಳುತ್ತಿತ್ತು. ಆಕಾಶವಾಣಿ ಆಗುತ್ತಿದೆ ಎಂದು ಮುಂದಿನ ಸಾಲಿನ ಅಜ್ಜಿಯೊಬ್ಬರು ಕೈಮುಗಿದರಂತೆ. ಮಾರನೆಯ ದಿನದಿಂದ ನಾನು ಹೆಗಲ ಮೇಲಿನ ಬೈರಾಸನ್ನು ಬಾಯಿಗೆ ಅಡ್ಡ ಹಿಡಿದು ಮಾತು ಕೊಡಲು ಕಲಿತೆ. ಈ ಮೈಕಿನ ಸುದ್ದಿ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈಗ ಐತಪ್ಪಣ್ಣನ ವಿಷಯ. ಅವನು ನಮ್ಮ ಹಾಸ್ಯಗಾರ. ವಾಮಂಜೂರಿನ ಗದ್ದೆಯ ಬದಿಯ ಮನೆ. ಹಗಲು ಒಂದು ಹಂಚಿನ ಕಾರ್ಖಾನೆಯಲ್ಲಿ ಕೆಲಸ, ಸಂಜೆ ನಾಟಕ. ನೋಡಲು ಸಾಧಾರಣ ಮನುಷ್ಯ. ಹೊಟ್ಟೆ ದೊಡ್ಡದಲ್ಲ, ಹಲ್ಲು ಉಬ್ಬಲ್ಲ. ಆದರೂ ಒಂಬತ್ತು ವರ್ಷ ಅವನು ಕಂಡ ಕೂಡಲೇ ಜನ ನಗುತ್ತಿದ್ದರು. ಅದಕ್ಕೆ ಕಾರಣ ಅರ್ಧ ಅವನು, ಅರ್ಧ ನಮ್ಮ ಹಾರ್ಮೋನಿಯಂ ಲಾರೆನ್ಸ್ ಮಾಸ್ಟ್ರು.

ಮಾಸ್ಟ್ರು ಬೆಳಿಗ್ಗೆ ಇಗರ್ಜಿಯಲ್ಲಿ ಆರ್ಗನ್ ನುಡಿಸುವವರು, ಸಂಜೆ ನಮ್ಮಲ್ಲಿ ಹಾರ್ಮೋನಿಯಂ. ಐತಪ್ಪಣ್ಣನ ಪ್ರವೇಶಕ್ಕೆಂದು ಅವರೇ ಒಂದು ತುಂಡು ರಾಗ ಕಟ್ಟಿದ್ದರು. ಬಾತುಕೋಳಿ ಗದ್ದೆಯ ಬದುವಿನಲ್ಲಿ ಓಡಿ ಹೋಗಿ ಕೆಸರಿಗೆ ಬಿದ್ದ ಹಾಗಿನ ರಾಗ. ನಾಟಕ ಯಾವುದೇ ಇರಲಿ, ಆ ರಾಗ ಒಂದೇ. ವಿಂಗಿನಲ್ಲಿ ಐತಪ್ಪಣ್ಣ ಎರಡು ಸಲ ಕೆಮ್ಮುವನು. ಅದು ಮಾಸ್ಟ್ರಿಗೆ ಸೂಚನೆ. ಅವರ ಬೆರಳು ಓಡುವುದು, ಐತಪ್ಪಣ್ಣ ಒಳಗೆ ಬರುವ ಮೊದಲೇ ಸಭೆ ನಗಲು ಶುರು. ಮಾಸ್ಟ್ರ ಬೆರಳಿಗೆ ಅದು ಎಷ್ಟು ಅಭ್ಯಾಸವಾಗಿತ್ತೆಂದರೆ ಒಂದು ಆದಿತ್ಯವಾರ ಪೂಜೆಯ ಹೊತ್ತಿಗೆ ಪಾದ್ರಿಗಳಿಗೆ ನೆಗಡಿಯಾಗಿ ಎರಡು ಸಲ ಕೆಮ್ಮಿದಾಗ, ಬಾತುಕೋಳಿ ಇಗರ್ಜಿಯೊಳಗೂ ಅರ್ಧ ಓಡಿತಂತೆ. ಅವರೇ ಹೇಳಿ ನಗುತ್ತಿದ್ದರು. ನಾವು ಅದನ್ನು ತಮಾಷೆ ಎಂದುಕೊಂಡೆವು. ಎಚ್ಚರಿಕೆ ಎಂದುಕೊಳ್ಳಬೇಕಿತ್ತು.

ಐವತ್ತರ ದಶಕ ಮುಗಿಯುವ ಹೊತ್ತಿಗೆ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದ ಪದ್ಮನಾಭ ಮಾಸ್ಟ್ರು ಒಂದು ನಾಟಕ ಬರೆದುಕೊಂಡು ಬಂದರು. ರಾಜ, ಋಷಿ, ಯುದ್ಧ ಒಂದೂ ಇಲ್ಲ. ಕೇಶವಯ್ಯ ಎಂಬ ತಂತಿ ಹಂಚುವವನ ಕಥೆ. ಅವನು ಒಮ್ಮೆ ಸಾವಿನ ತಂತಿಯನ್ನು ತಪ್ಪು ಮನೆಗೆ ಕೊಟ್ಟುಬಿಡುತ್ತಾನೆ. ಬದುಕಿರುವ ಮಗನಿಗಾಗಿ ಆ ಮನೆಯವರು ಒಂದು ಇಡೀ ಹಗಲು ಅಳುತ್ತಾರೆ. ಸಂಜೆ ಮಗನೇ ಬಸ್ಸಿನಿಂದ ಇಳಿಯುತ್ತಾನೆ. ಊರು ಒಂದು ವಾರ ನಕ್ಕು ಮರೆಯುತ್ತದೆ. ಆದರೆ ಕೇಶವಯ್ಯನ ಕಿವಿಯಲ್ಲಿ ಆ ನಗು ನಿಲ್ಲುವುದಿಲ್ಲ. ದಾರಿಯಲ್ಲಿ ಯಾರು ನಕ್ಕರೂ ತನ್ನನ್ನೇ ಎಂದು ಅವನಿಗೆ. ಮನೆಯ ಕಿಟಕಿಗಳನ್ನು ಒಂದೊಂದಾಗಿ ಮುಚ್ಚುತ್ತಾ ಬರುತ್ತಾನೆ.

ಪದ್ಮನಾಭ ಮಾಸ್ಟ್ರು ಓದಿ ಮುಗಿಸಿ, ಇವನು ಹುಚ್ಚನಲ್ಲ, ಮನಸ್ಸು ನೊಂದವನು, ಹಾಗಾಗಿ ಕೂದಲು ಕೆದರುವುದು, ಅಂಗಿ ಹರಿಯುವುದು, ಗಹಗಹಿಸುವುದು ಯಾವುದೂ ಬೇಡ ಎಂದರು. ಧನಿಗಳು ಮತ್ತೆ ಉಳಿಯುವುದು ಎಂತ ಎಂದು ಕೇಳಿದರು.

ಮಳೆ ಜೋರಿರುವ ಆ ಆಟಿ ತಿಂಗಳಲ್ಲಿ ಮೂರು ಆದಿತ್ಯವಾರ ಕೇಶವಯ್ಯನನ್ನು ಹುಡುಕಿದೆವು. ಲಾರೆನ್ಸ್ ಮಾಸ್ಟ್ರು ಪೂಜೆ ಮುಗಿಸಿ ಬಂದ ಮೇಲೆ ಶುರು, ಊಟದ ಹೊತ್ತಿಗೆ ಮುಕ್ತಾಯ. ಎದುರಿನ ಪಾತ್ರಗಳ ಮಾತನ್ನು ನಾನು ಓದುತ್ತಿದ್ದೆ. ಪರೀಕ್ಷೆಗೆ ಇಟ್ಟದ್ದು ಒಂದೇ ತುಂಡು. ಹೊರಗೆ ಮಕ್ಕಳು ಗಾಳಿಪಟ ನೋಡಿ ನಗುತ್ತಾರೆ. ಮಕ್ಕಳು ನಗುವುದು ಪಟ ನೋಡಿ ಅಂತ ಹೆಂಡತಿ ಹೇಳುತ್ತಾಳೆ. ಅಲ್ಲ, ನನ್ನನ್ನು ನೋಡಿ ಎಂದು ಹೇಳಿ ಕೇಶವಯ್ಯ ಕಿಟಕಿ ಮುಚ್ಚಬೇಕು.

ಮೊದಲು ನಮ್ಮ ನಾಯಕನಟ ಸದಾನಂದ. ಚೆಂದದ ಮುಖ, ಗಂಟೆಯಂಥ ಸ್ವರ. ಆ ಮಾತು ಹೇಳಿ, ಬೇಡ ಎಂದರೂ ಕೇಳದೆ ಗಹಗಹಿಸಿ ನಕ್ಕು, ಎರಡೂ ಕೈಯಲ್ಲಿ ಅಂಗಿ ಹರಿದುಕೊಂಡ. ಅದು ಅವನ ಸ್ವಂತ ಅಂಗಿ. ಮನೆಗೆ ಹೋಗುವಾಗ ಮಂಡಳಿಯ ಪೆಟ್ಟಿಗೆಯಿಂದ ಕೃಷ್ಣನ ಶಲ್ಯ ಹೊದ್ದುಕೊಂಡು ಹೋದ.

ಎರಡನೆಯವರು ಒಬ್ಬ ಹಿರಿಯ ಯಕ್ಷಗಾನ ಕಲಾವಿದರು. ಅವರ ಸ್ವರ ಕೂಳೂರಿನಲ್ಲಿ ಕೂಗಿದರೆ ಹೊಳೆಯ ಆಚೆ ದಡದವರು ಓಗೊಡಬೇಕು. ಆದರೆ ಕಾಲು ತಾಳ ಬಿಡಲಿಲ್ಲ. ಕಿಟಕಿ ಮುಚ್ಚಲು ಹೋದದ್ದೂ ತಾಳದಲ್ಲಿ, ಚಿಲಕ ಹಾಕಿದ್ದು ಸರಿಯಾಗಿ ಮುಕ್ತಾಯದ ಪೆಟ್ಟು ಬೀಳುವಾಗ. ಅವರು ಕೇಶವಯ್ಯ ಆಗಲಿಲ್ಲ, ಕಿಟಕಿಯೇ ಇಂದ್ರಪ್ರಸ್ಥದ ಕಿಟಕಿ ಆಯಿತು.

ಮೂರನೆಯವ ಬ್ಯಾಂಕಿನ ರಘು. ತುಂಬ ಓದಿದವನು. ನೊಂದವನ ಪಾತ್ರ ಮಾಡಬೇಕಾದರೆ ನೋಯಬೇಕು ಎಂದು ಒಂದು ವಾರ ಗಡ್ಡ ತೆಗೆಯಲಿಲ್ಲ, ಸರಿಯಾಗಿ ಉಣ್ಣಲಿಲ್ಲ, ಯಾರ ಹತ್ತಿರವೂ ಮಾತಾಡಲಿಲ್ಲ. ಎರಡನೆಯ ಆದಿತ್ಯವಾರ ಅವನ ಬದಲು ಅವನ ತಾಯಿ ಬಂದರು. ಮಗನಿಗೆ ನೀವೆಲ್ಲ ಸೇರಿ ಎಂತ ಮಾಡಿದ್ದೀರಿ ಎಂದು ಧನಿಗಳನ್ನು ಕೊಡೆಯಲ್ಲಿ ತೋರಿಸಿ ಕೇಳಿದರು. ರಘು ಮನೆಯಲ್ಲಿ ಗಂಜಿ ಕುಡಿದು ಮಲಗಿದ್ದನಂತೆ. ಧನಿಗಳು ಆ ಅಮ್ಮನಿಗೆ ಎದ್ದು ನಿಂತು ಉತ್ತರ ಕೊಟ್ಟರು. ಅವರು ಯಾರಿಗಾದರೂ ಎದ್ದು ನಿಂತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಆ ವಾರ ಬುಧವಾರ ನಾನು ಹಾಲಿನಲ್ಲಿ ಒಬ್ಬನೇ ಕುಳಿತು ನಕಲು ತೆಗೆಯುತ್ತಿದ್ದೆ. ಐತಪ್ಪಣ್ಣ ಕಾರ್ಖಾನೆಯಿಂದ ನೇರ ಬಂದ. ಮೈಮೇಲೆ ಇನ್ನೂ ಕೆಂಪು ಮಣ್ಣಿನ ಹುಡಿ. ನನ್ನ ಎದುರು ಕುಳಿತು, ಶಾಯಿ ಬಾಟಲಿಯ ಮುಚ್ಚಳ ತಿರುಗಿಸುತ್ತಾ, ಕೇಶವಯ್ಯನ ನಕಲು ತನಗೊಂದು ಬೇಕು ಎಂದ. ಅವನದು ತಮಾಷೆ ಎಂದು ನಾನು ನಕ್ಕೆ.

"ನೋಡಿ, ನೀವೂ ನಗ್ತೀರಿ," ಎಂದ.

ಆಮೇಲೆ ಹೇಳಿದ. ಎರಡು ವರ್ಷದ ಹಿಂದೆ ಅವನ ತಾಯಿ ತೀರಿಕೊಂಡಿದ್ದರು. ನಾವೆಲ್ಲ ಹೋಗಿದ್ದೆವು. ಎತ್ತುವ ಹೊತ್ತಿಗೆ ಅವನಿಗೆ ತಡೆಯಲಾಗಲಿಲ್ಲ, ಗಟ್ಟಿಯಾಗಿ ಅತ್ತ. ತಲೆ ಎತ್ತಿ ನೋಡಿದರೆ ಅಂಗಳದಲ್ಲಿ ನಾಲ್ಕೈದು ಜನ ಬಾಯಿಗೆ ವಸ್ತ್ರ ಅಡ್ಡ ಹಿಡಿದಿದ್ದಾರೆ. ಅಳುವುದಲ್ಲ, ನಗು ತಡೆಯುವುದು.

"ಅವರದ್ದು ತಪ್ಪಲ್ಲ ಬಾಬಣ್ಣ. ಒಂಬತ್ತು ವರ್ಷ ನಾನೇ ಕಲಿಸಿದ್ದು. ಆದ್ರೆ ನನ್ನ ಅಳುವನ್ನು ಅಳು ಅಂತ ಒಬ್ಬರಾದ್ರೂ ನೋಡ್ತಾರಾ ಇಲ್ವಾ ಅಂತ ನಂಗೊಮ್ಮೆ ಗೊತ್ತಾಗ್ಬೇಕು. ಒಂದು ಸಲ ಸಾಕು."

ನಾನು ಹೊಸ ಕಾಗದ ತೆಗೆದೆ. ಆ ದಿನ ಬಾಯಿಗೆ ಬೈರಾಸು ಹಿಡಿದವರಲ್ಲಿ ನಾನೂ ಒಬ್ಬ. ಅವನಿಗೆ ನಕಲು ಬರೆದು ಕೊಟ್ಟೆ. ಮನೆಗೆ ಬಂದು ದಿನಚರಿಯಲ್ಲಿ ಬರೆದೆ: "ಐತಪ್ಪ ಕೇಶವಯ್ಯ ಕೇಳಿದ. ಕೊಡಬಾರದು. ಪಾಪ." ಆ ಪುಟ ಈಗಲೂ ಇದೆ. ನನ್ನ ಬುದ್ಧಿವಂತಿಕೆಯ ದಾಖಲೆ.

ಮೂರನೆಯ ಆದಿತ್ಯವಾರ ಅವನ ಪರೀಕ್ಷೆ. ಧನಿಗಳು ಕೊನೆಯ ಬೆಂಚಿನಲ್ಲಿ ಕುಳಿತು ಅಭ್ಯಾಸದಂತೆ ಕಣ್ಣು ಮುಚ್ಚಿದರು. ನಾನು ಹೆಂಡತಿಯ ಮಾತು ಓದಿದೆ. ಐತಪ್ಪಣ್ಣ ಕಿಟಕಿಯ ಕಡೆ ಹೊರಟವನು ಅರ್ಧದಲ್ಲಿ ನಿಂತ. ಅಂಗಿಯ ಗುಂಡಿಗಳನ್ನು ಮೇಲಿನಿಂದ ಕೆಳಗೆ ಒಂದೊಂದಾಗಿ ಮುಟ್ಟಿ ನೋಡಿಕೊಂಡ. ಎಲ್ಲ ಸರಿ ಇದ್ದವು. ಮತ್ತೊಮ್ಮೆ ಮುಟ್ಟಿ ನೋಡಿದ. ಆಮೇಲೆ, ಹೊರಗೆ ಮಳೆ ಉಂಟು ಎಂದು ಹೇಳುವ ಹಾಗೆ, ಯಾರ ಮೇಲೂ ದೂರಿಲ್ಲದೆ, "ಅಲ್ಲ, ನನ್ನನ್ನು ನೋಡಿ," ಎಂದು ಹೇಳಿ ಕಿಟಕಿ ಮುಚ್ಚಿದ.

ಪದ್ಮನಾಭ ಮಾಸ್ಟ್ರು ಎದ್ದು ಹೋಗಿ, ಗುಂಡಿ ಮುಟ್ಟುವುದು ನಾನು ಬರೆದದ್ದಲ್ಲ, ನಿಮಗೆ ಎಲ್ಲಿಂದ ಬಂತು ಎಂದು ಕೇಳಿದರು.

"ಜನ ನಗ್ತಾರೆ ಅಂತ ಗೊತ್ತಿದ್ದವ ಮೊದಲು ನೋಡುವುದು ಅದನ್ನೇ ಅಲ್ವಾ ಮಾಸ್ಟ್ರೇ. ಗುಂಡಿ ಸರಿ ಉಂಟಾ ಅಂತ."

ಹೊಸಬರಿಗೆ ಹೇಳುವುದು ಇಷ್ಟೇ. ಮನಸ್ಸು ಕಲಕಿದವನ ಪಾತ್ರಕ್ಕೆ ಜನ ಆರಿಸುವಾಗ ಅವನು ಎಷ್ಟು ಕಲಕಿ ತೋರಿಸುತ್ತಾನೆ ಎಂದು ನೋಡಬೇಡಿ. ಸರಿಯಾಗಿ ಇರಲು ಎಷ್ಟು ಕಷ್ಟಪಡುತ್ತಾನೆ ಎಂದು ನೋಡಿ. ಸದಾನಂದ ಅಂಗಿ ಹರಿದ, ಐತಪ್ಪಣ್ಣ ಗುಂಡಿ ಮುಟ್ಟಿ ನೋಡಿದ. ವ್ಯತ್ಯಾಸ ಅಲ್ಲೇ.

ಆದರೆ ಧನಿಗಳು ಒಪ್ಪಬೇಕಲ್ಲ. ಅವರಿಗೆ ಕೇಶವಯ್ಯನ ಚಿಂತೆಗಿಂತ ಹಾಸ್ಯಗಾರನ ಚಿಂತೆ. ಜನ ನಕ್ಕರೆ ನಾಟಕ ಹೋಯಿತು, ನಗದಿದ್ದರೆ ಐತಪ್ಪ ಹೋದ, ಎರಡೂ ಕಡೆ ನಷ್ಟ ನನ್ನದೇ ಎಂದು ಅವರ ವಾದ. ಅರ್ಧ ಗಂಟೆ ಯೋಚಿಸಿ ಒಂದು ಕರಾರು ಹಾಕಿದರು.

"ಐತಪ್ಪ, ಶನಿವಾರದ ಆಟ ನಿಂದು. ಅವತ್ತು ಜನ ನಕ್ಕರೆ ಆದಿತ್ಯವಾರ ಸದಾನಂದ ಮಾಡ್ತಾನೆ. ಮತ್ತೆ ನೀನು ಈ ಜಾತಿಯ ಪಾರ್ಟು ಕೇಳ್ಲಿಕ್ಕೆ ಇಲ್ಲ. ಆಗಬಹುದಾ?"

ಐತಪ್ಪಣ್ಣ ಆಗಬಹುದು ಎಂದ. ಸದಾನಂದ ಸುಮ್ಮನೆ ಎರಡನೆಯ ಅಂಗಿ ಹೊಲಿಸಲು ಕೊಟ್ಟ.

ತಯಾರಿಯಲ್ಲಿ ನಾವು ಒಂದೂ ಬಿಡಲಿಲ್ಲ. ಐತಪ್ಪಣ್ಣ ಯಾವಾಗಲೂ ಎಡ ವಿಂಗಿನಿಂದ ಬರುವವನು, ಈಗ ಬಲದಿಂದ. ಮುಖಕ್ಕೆ ಬಣ್ಣ ತೆಳು. ತಂತಿಯವನ ಖಾಕಿ ಕೋಟಿಗೆ ಐದು ಹಿತ್ತಾಳೆ ಗುಂಡಿ, ನನ್ನ ಮನೆಯವಳೇ ಗಟ್ಟಿ ದಾರದಲ್ಲಿ ಹೊಲಿದುಕೊಟ್ಟಳು. ಮುಖ್ಯವಾಗಿ ಅವನ ಪ್ರವೇಶಕ್ಕೆ ಹಾರ್ಮೋನಿಯಂ ಇಲ್ಲ. ನಾನು ಒಂದು ಚೀಟಿಯಲ್ಲಿ "ಎರಡನೆಯ ಅಂಕ, ಐತಪ್ಪ ಬರುವಾಗ ಏನೂ ಬೇಡ" ಎಂದು ಕೆಂಪು ಶಾಯಿಯಲ್ಲಿ ಬರೆದು ಹಾರ್ಮೋನಿಯಂ ಪೆಟ್ಟಿಗೆಯ ಮೇಲೆ ಗಂಜಿ ಹಾಕಿ ಅಂಟಿಸಿದೆ. ಲಾರೆನ್ಸ್ ಮಾಸ್ಟ್ರಿಗೆ ಸ್ವಲ್ಪ ಬೇಸರವಾಯಿತು. ನನ್ನ ಮೇಲೆ ಅಷ್ಟೂ ನಂಬಿಕೆ ಇಲ್ವಾ ಎಂದರು.

ಮಳೆ ಬಿಟ್ಟ ಮೇಲಿನ ಮೊದಲ ಶನಿವಾರ. ಹಾಲು ತುಂಬಿತ್ತು. ಹೊಸ ನಾಟಕದಲ್ಲಿ ಐತಪ್ಪ ಇದ್ದಾನೆ ಎಂದು ಮಾತ್ರ ಜನರಿಗೆ ಗೊತ್ತು, ಯಾವ ಪಾರ್ಟು ಎಂದು ಗೊತ್ತಿಲ್ಲ. ಮೊದಲ ಅಂಕ ತಂತಿ ಹೋದ ತಪ್ಪು ಮನೆಯವರದ್ದು, ಕೇಶವಯ್ಯ ಅದರಲ್ಲಿ ಬರುವುದಿಲ್ಲ; ಅದು ಚೆನ್ನಾಗಿ ಹೋಯಿತು. ಎರಡನೆಯ ಅಂಕದಲ್ಲಿ ಕೇಶವಯ್ಯನ ಹೆಂಡತಿ ಒಬ್ಬಳೇ ಅಕ್ಕಿ ಆರಿಸುತ್ತಾ ಕುಳಿತಿದ್ದಾಳೆ. ಆ ಪಾತ್ರ ನಮ್ಮ ಶ್ರೀಧರನದು. ಆಗ ಹೆಣ್ಣುಪಾತ್ರಗಳನ್ನೂ ಗಂಡಸರೇ ಮಾಡುತ್ತಿದ್ದದ್ದು. ಬಲ ವಿಂಗಿನಲ್ಲಿ ನಾನು, ನನ್ನ ಪಕ್ಕದಲ್ಲಿ ಐತಪ್ಪಣ್ಣ. ಒಳಗೆ ಹೋಗಲು ಕಾಲೆತ್ತುವ ಮೊದಲು, ಪಾಪ, ಕೆಮ್ಮಿದ. ಎರಡು ಸಲ.

ಮಾಸ್ಟ್ರು ಕೆಂಪು ಚೀಟಿಯನ್ನೇ ನೋಡುತ್ತಾ ಕುಳಿತಿದ್ದರು. ಚೀಟಿ ಓದಿದ್ದು ಕಣ್ಣು, ಕೆಮ್ಮು ಕೇಳಿದ್ದು ಬೆರಳು. ಬಾತುಕೋಳಿ ಬದುವಿನ ಮೇಲೆ ಓಡಿ ಕೆಸರಿಗೆ ಬಿತ್ತು.

ಹಾಲಿನ ಹಂಚು ಹಾರುವ ಹಾಗೆ ಜನ ನಕ್ಕರು. ಐತಪ್ಪಣ್ಣ ಅಷ್ಟರಲ್ಲಿ ರಂಗದ ಮೇಲೆ ಕಾಲಿಟ್ಟಿದ್ದ. ಹಿಂದೆ ಬರುವ ಹಾಗಿಲ್ಲ. ಅವನು ಕಂಡದ್ದೇ ನಗು ಇನ್ನೂ ಜೋರಾಯಿತು. ಕೊನೆಯ ಬೆಂಚಿನಲ್ಲಿ ಧನಿಗಳು ತಲೆಗೆ ಕೈಹಚ್ಚಿದ್ದು ನನಗೆ ವಿಂಗಿನಿಂದ ಕಾಣುತ್ತಿತ್ತು.

ನಾನು ಬೈರಾಸಿನ ಮರೆಯಿಂದ ಮೊದಲ ಮಾತು ಎತ್ತಿಕೊಟ್ಟೆ: ಬಾಗಿಲು ಸರಿಯಾಗಿ ಹಾಕಿದ್ದೀಯಾ? ಅವನು ಅದನ್ನು ತೆಗೆದುಕೊಳ್ಳಲಿಲ್ಲ. ಎರಡನೆಯ ಸಲ ಕೊಟ್ಟೆ. ಇಲ್ಲ. ಅವನು ನಿಂತಲ್ಲೇ ನಿಂತು ಕೋಟಿನ ಗುಂಡಿ ಮುಟ್ಟಿ ನೋಡಿಕೊಳ್ಳತೊಡಗಿದ್ದ. ಒಂದು. ಎರಡು. ಮೂರು. ಜನ ನಗುತ್ತಿದ್ದರು. ನಾಲ್ಕು. ಐದು. ಪುನಃ ಮೇಲಿನಿಂದ ಒಂದು. ಆಮೇಲೆ ಮೆಲ್ಲ ಸಭೆಯ ಕಡೆ ತಿರುಗಿ, ನಗುತ್ತಿರುವವರನ್ನೆಲ್ಲ ಒಬ್ಬೊಬ್ಬರಾಗಿ ಗುರುತು ಹಿಡಿಯುವ ಹಾಗೆ ನೋಡಿದ. ಕಣ್ಣಲ್ಲಿ ಸಿಟ್ಟಿಲ್ಲ. ಹೆಂಡತಿಯ ಹತ್ತಿರ ಹೇಳಿದ:

"ಕೇಳಿತಾ? ಇವತ್ತೂ ಶುರುವಾಯಿತು."

ಇದು ಪುಸ್ತಕದಲ್ಲಿ ಇಲ್ಲದ ಮಾತು. ಶ್ರೀಧರನ ನಕಲಿನಲ್ಲಿ ಈ ಮೂರು ಶಬ್ದ ಇಲ್ಲ. ಅವನಿಗೆ ಬೇಕಾದ ಕೊನೆಯ ಮೂರು ಶಬ್ದ ಬಾರದೆ ಬಾಯಿ ತೆರೆಯುವ ಹಾಗಿಲ್ಲ. ಅಕ್ಕಿಯ ಗೆರಸೆ ಮಡಿಲಲ್ಲಿ ಇಟ್ಟುಕೊಂಡು ಗಂಡನನ್ನು ಕಣ್ಣು ಬಿಟ್ಟು ನೋಡುತ್ತಾ ಉಳಿದ. ಗಂಡನ ಅವಸ್ಥೆ ನೋಡಿ ಹೆಂಡತಿಗೆ ಮಾತೇ ಹೊರಡಲಿಲ್ಲ ಎಂದು ಜನರಿಗೆ ಕಂಡಿತು.

ಐತಪ್ಪಣ್ಣ ರಂಗದ ಅಂಚಿಗೆ ಬಂದ. ನಮ್ಮ ಕಿಟಕಿ ಇದ್ದದ್ದು ಹಿಂದಿನ ಪರದೆಯಲ್ಲಿ. ಅವನು ಮುಂದೆ, ತನಗೂ ಸಭೆಗೂ ನಡುವೆ, ಇಲ್ಲದ ಕಿಟಕಿಯ ಬಲ ಬಾಗಿಲು ಎಳೆದ. ಎಡ ಬಾಗಿಲು ಎಳೆದ. ಚಿಲಕ ಹಾಕಿದ. ಸರಿಯಾಗಿ ಕೂತಿತಾ ಎಂದು ಒಮ್ಮೆ ದೂಡಿ ನೋಡಿದ.

ಒಲೆಗೆ ನೀರು ಹೊಯ್ದ ಹಾಗೆ ನಗು ನಿಂತಿತು. ಎಲ್ಲೋ ಮಧ್ಯದಲ್ಲಿ ಒಬ್ಬ ಇನ್ನೂ ನಗುತ್ತಿದ್ದ, ಅವನ ಪಕ್ಕದವರು ಅವನ ತೊಡೆಗೆ ಹೊಡೆದದ್ದು ಕೇಳಿಸಿತು. ಆಮೇಲೆ ಆ ನಾಟಕ ಮುಗಿಯುವವರೆಗೆ ಹಾಲಿನಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಬೇರೆ ಇಲ್ಲ. ಕೊನೆಯ ಅಂಕದಲ್ಲಿ ಕೇಶವಯ್ಯ ಅಳುವಾಗ ಅಳುವ ಮಾತನ್ನು ಎತ್ತಿಕೊಡಲು ಸಿದ್ಧವಾಗಿದ್ದ ನನಗೆ ಪುಸ್ತಕವೇ ಕಾಣಲಿಲ್ಲ. ಕಣ್ಣು ಕೆಟ್ಟದ್ದು ಆಮೇಲೆ, ಅವತ್ತಿನದು ಬೇರೆ.

ಪರದೆ ಬಿದ್ದ ಮೇಲೆ ಒಳಗೆ ಬಂದರೆ ಲಾರೆನ್ಸ್ ಮಾಸ್ಟ್ರು ಹಾರ್ಮೋನಿಯಂನ ಮೇಲೆ ತಲೆಯಿಟ್ಟು ಕುಳಿತಿದ್ದಾರೆ. ಐತಪ್ಪಣ್ಣನನ್ನು ಕಂಡವರೇ ಎರಡೂ ಕೈ ಮುಂದೆ ಚಾಚಿ, ಈ ಬೆರಳನ್ನು ಕತ್ತರಿಸಿ ಹಾಕು ಮಾರಾಯ ಎಂದರು.

"ಬೇಡ ಮಾಸ್ಟ್ರೇ," ಎಂದ ಐತಪ್ಪಣ್ಣ, "ನಾಳೆಗೂ ಬೇಕು."

ಧನಿಗಳು ಬಂದರು. ಕರಾರಿನ ಮಾತು ಯಾರೂ ಎತ್ತಲಿಲ್ಲ. ಸದಾನಂದನೇ ಮುಂದೆ ಬಂದು ಐತಪ್ಪಣ್ಣನ ಕೋಟು ತೆಗೆಯಲು ನೆರವಾದ. ಧನಿಗಳು ನನ್ನ ಕಡೆ ತಿರುಗಿ, ಆದದ್ದನ್ನು ಆದ ಹಾಗೆಯೇ ಪುಸ್ತಕದಲ್ಲಿ ಬರೆದುಕೋ ಎಂದರು. ನಾನು ಬರೆದೆ: "ಕೆಮ್ಮು ಎರಡು. ರಾಗ. ಜನ ನಗುವುದು. ಗುಂಡಿ. ಕಿಟಕಿ." ಮಾಸ್ಟ್ರ ಪೆಟ್ಟಿಗೆಯ ಕೆಂಪು ಚೀಟಿಯನ್ನು ಉಗುರಿನಿಂದ ಕೆರೆದು ತೆಗೆದೆ.

ಪುಸ್ತಕದಲ್ಲಿ "ಜನ ನಗುವುದು" ಎಂದು ಬರೆಯುವುದು ಸುಲಭ. ಆದಿತ್ಯವಾರ ಐತಪ್ಪಣ್ಣ ಸರಿಯಾಗಿ ಎರಡು ಸಲ ಕೆಮ್ಮಿದ. ಆದರೆ ಮಾಸ್ಟ್ರಿಗೆ ಈಗ ಎಲ್ಲ ಗೊತ್ತುಂಟು. ಶನಿವಾರದ ಕೇಶವಯ್ಯ ಅವರ ಮನಸ್ಸಿನಲ್ಲಿ ಕೂತುಬಿಟ್ಟಿದ್ದ. ಬಾತುಕೋಳಿಯ ರಾಗವನ್ನು ಅವರು ಶುಭ ಶುಕ್ರವಾರದ ಕೀರ್ತನೆಯ ಹಾಗೆ ಎಳೆದು ಎಳೆದು ನುಡಿಸಿದರು. ಕೋಳಿ ಓಡಲಿಲ್ಲ, ಮೆರವಣಿಗೆಯಲ್ಲಿ ನಡೆಯಿತು. ಶನಿವಾರದ ಸುದ್ದಿ ಕೇಳಿ ಬಂದ ಜನ ಮೊದಲೇ ಗಂಭೀರವಾಗಿ ಕುಳಿತಿದ್ದರು. ಒಬ್ಬನೂ ನಗಲಿಲ್ಲ.

ಐತಪ್ಪಣ್ಣ ರಂಗದ ನಡುವೆ ಮೊದಲನೆಯ ಗುಂಡಿಯ ಮೇಲೆ ಬೆರಳಿಟ್ಟು ನಿಂತ. ನಗು ಬಾರದೆ ಅವನು ಯಾರಿಗೆ ಕಿಟಕಿ ಮುಚ್ಚಬೇಕು? ನನ್ನ ಕಡೆ ಓರೆಗಣ್ಣಿನಲ್ಲಿ ನೋಡಿದ. ಮಾತು ಮರೆತವನು ಪ್ರಾಂಪ್ಟರನನ್ನು ನೋಡುವ ನೋಟ ಅದು, ನನಗೆ ಚೆನ್ನಾಗಿ ಗೊತ್ತು. ಆದರೆ ಮರೆತದ್ದು ಅವನಲ್ಲ, ಸಭೆ. ಯಾರು ಮರೆತರೂ ಎತ್ತಿಕೊಡುವುದೇ ನನ್ನ ಕೆಲಸ. ಬೈರಾಸು ತೆಗೆದು, ತಲೆಯ ಮೇಲಿನ ಮೈಕಿನ ಕಡೆ ಮುಖ ಎತ್ತಿ ನಾನು ನಕ್ಕೆ. ನನ್ನ ನಗು ಅಷ್ಟೇನೂ ಚೆಂದದ್ದಲ್ಲ, ಬಾವಿಯ ರಾಟೆಗೆ ಎಣ್ಣೆ ಕಡಿಮೆಯಾದ ಹಾಗೆ ಎಂದು ಮನೆಯವಳು ಹೇಳುತ್ತಾಳೆ. ಅದು ಮೈಕಿನಲ್ಲಿ ಹಾಲಿನ ನಾಲ್ಕೂ ಮೂಲೆಗೆ ಹೋಯಿತು. ಅದನ್ನು ಕೇಳಿ ಮುಂದಿನ ಸಾಲಿನಲ್ಲಿ ಒಬ್ಬ ನಕ್ಕ, ಆಮೇಲೆ ಅವನ ಹಿಂದಿನವರು, ಆಮೇಲೆ ಇಡೀ ಹಾಲು.

ಐತಪ್ಪಣ್ಣ ಎರಡನೆಯ ಗುಂಡಿಗೆ ಇಳಿದ.

ಆ ನಾಟಕ ಎರಡು ಮಳೆಗಾಲದ ನಡುವೆ ನಿಲ್ಲದೆ ನಡೆಯಿತು. ಪ್ರತಿ ಆಟಕ್ಕೂ ನಾನು ನಕ್ಕಿದ್ದೇನೆ. ನನ್ನ ವೃತ್ತಿಯಲ್ಲಿ ಸಭೆಗೆ ಕೇಳಿಸಬೇಕೆಂದೇ ಸ್ವರ ಎತ್ತಿದ ಪಾರ್ಟು ಅದೊಂದೇ.

ಒಂದು ಬೆಳಿಗ್ಗೆ ಐತಪ್ಪಣ್ಣ ಕೈಯಲ್ಲಿ ಬಂಗುಡೆಯ ಕಟ್ಟು ಹಿಡಿದುಕೊಂಡು ನಮ್ಮ ಮನೆಗೆ ಬಂದ. ಮೀನು ಮಾರುವ ಗಿರಿಜಕ್ಕ ಒಂಬತ್ತು ವರ್ಷದಿಂದ ಅವನನ್ನು ಕಂಡರೆ ಬುಟ್ಟಿ ಹಿಡಿದುಕೊಂಡು ನಗುವವಳು. ಅವತ್ತು ನಗಲಿಲ್ಲವಂತೆ. ತಲೆಗೆ ತಂಪೆಣ್ಣೆ ಹಚ್ಚಿ ಮೀಯಿರಿ, ರಾತ್ರಿ ನಿದ್ದೆ ಬರ್ತದಾ, ಜನ ಹೇಳಿದ್ದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದು ಬುದ್ಧಿ ಹೇಳಿ, ಎರಡು ಮೀನು ಹೆಚ್ಚು ಹಾಕಿದಳಂತೆ. ಅದನ್ನು ಹೇಳುವಾಗ ಅವನ ಮುಖ ನೋಡಬೇಕಿತ್ತು. ತಿಂಗಳು ಕಳೆದ ಮೇಲೆ ಅವನೇ ಬಂದು, ಈಗ ಕಾರ್ಖಾನೆಯಲ್ಲಿ, ಬಸ್ಸಿನಲ್ಲಿ ಎಲ್ಲ ಕಡೆ ಜನ ಮೆಲ್ಲ ಮಾತಾಡಿಸುತ್ತಾರೆ, ಒಂದು ಜೋಕ್ ಹೇಳಿದರೂ ಪಾಪ ಎನ್ನುತ್ತಾರೆ, ಇದೆಂತ ಕರ್ಮ ಎಂದು ದೂರು ಹೇಳಿದ. ಮುಂದಿನ ಮಳೆಗಾಲ ಕಳೆದು ಹಾಸ್ಯದ ನಾಟಕ ಹಾಕಿದಾಗ ಎಡ ವಿಂಗಿನಿಂದಲೇ ಬಂದ, ಬಾತುಕೋಳಿಯೂ ಮೊದಲಿನ ಹಾಗೆಯೇ ಓಡಿತು. ಆಮೇಲೆ ಎರಡು ಬಗೆಯ ಪಾರ್ಟೂ ಅವನದ್ದೇ. ಧನಿಗಳು ಎಷ್ಟೋ ಸಲ ಆ ಕರಾರು ಹಾಕಿದ್ದು ತಾನಲ್ಲ, ಈ ಬಾಬು ಎಂದು ನನ್ನನ್ನು ತೋರಿಸಿ ಹೇಳಿದ್ದಾರೆ. ಇರಲಿ.

ಕೆಲವು ವರ್ಷ ಕಳೆದು ಐತಪ್ಪಣ್ಣನ ಮಗಳ ಮದುವೆ. ವಾಮಂಜೂರಿನ ಮನೆಯಂಗಳದಲ್ಲಿ ಚಪ್ಪರ. ಅವನ ತಾಯಿಯನ್ನು ಎತ್ತಿದ ದಿನ ನಾವು ನಿಂತಿದ್ದ ಅದೇ ಅಂಗಳ, ಹೆಚ್ಚುಕಡಿಮೆ ಅದೇ ಜನ. ಊಟ ಎಲ್ಲ ಮುಗಿದು, ಮಗಳನ್ನು ಗಂಡನ ಮನೆಗೆ ಕಳುಹಿಸಿಕೊಡುವಾಗ ಐತಪ್ಪಣ್ಣ ಅತ್ತ. ಹಿಂದೆ ಅತ್ತ ಹಾಗೆಯೇ, ಗಟ್ಟಿಯಾಗಿ. ನಾನು ಸುತ್ತ ನೋಡಿದೆ. ಹೆಂಗಸರು ಸೆರಗಿನಲ್ಲಿ ಕಣ್ಣು ಒರೆಸುತ್ತಿದ್ದರು. ಧನಿಗಳು ನೆಲ ನೋಡುತ್ತಿದ್ದರು. ಲಾರೆನ್ಸ್ ಮಾಸ್ಟ್ರು ಎರಡೂ ಕೈಗಳನ್ನು ಕಿಸೆಯೊಳಗೆ ಗಟ್ಟಿಯಾಗಿ ಇಟ್ಟುಕೊಂಡಿದ್ದರು. ಬೈರಾಸು ನನ್ನ ಹೆಗಲ ಮೇಲೆಯೇ ಇತ್ತು.

ಅವನೂ ತಲೆ ಎತ್ತಿ ಸುತ್ತ ನೋಡಿದ. ಒಬ್ಬೊಬ್ಬರ ಮುಖ ನೋಡಿದ. ಕೈ ತಾನಾಗಿ ಎದೆಗೆ ಹೋಗಿ ಮೊದಲನೆಯ ಗುಂಡಿಯನ್ನು ಮುಟ್ಟಿತು. ಮುಟ್ಟಿದ್ದು ಅವನಿಗೇ ಗೊತ್ತಾಯಿತು. ಆ ಕಣ್ಣೀರಿನಲ್ಲೇ ಅವನಿಗೆ ನಗು ಬಂತು. ಇಡೀ ಚಪ್ಪರದಲ್ಲಿ ನಕ್ಕವನು ಅವನೊಬ್ಬನೇ.